ಗೋದಾಮಿನಲ್ಲಿ ಬಿದ್ದ ಹಿಮ

ನನ್ನ ಗೆಳತಿ ಹಾಡು ಕಟ್ಟಿದ್ದಳು, ತಾನೇ ಹಾಡಿದ್ದಳು. ಕ್ಯಾಸೆಟ್ಟೂ ಆಗಿತ್ತು. ಅದಕ್ಕೊಂದು ವಿಡಿಯೋ ಬೇಕೆಂದಳು. ಕಥೆ ಇರಬಾರದು, ಕುಣಿತ ಇರಬಾರದು, ಹಿಮ ಬೀಳುವಾಗ ಅವಳು ಸುಮ್ಮನೆ ನಿಂತು ಹಾಡಬೇಕು, ಅಷ್ಟೇ. ಹಿಮವನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ನಾನು ಆಗಷ್ಟೇ ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಮುಗಿಸಿ, ಜಗತ್ತನ್ನೇ ಬರೆದುಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿದ್ದೆ. "ಹಿಮ ತಾನೆ? ಬೀಳಿಸ್ತೀನಿ ಬಿಡೇ" ಅಂದೆ.

ಹರಿಹರದಲ್ಲಿ ಅವಳ ಮನೆಯವರದೇ ಹಳೆಯ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಹತ್ತಿ ಗಿಡದ ಒಣ ಕಡ್ಡಿಗಳನ್ನು ತರಿಸಿ, ಸುಣ್ಣ ಬಳಿದು ಸಾಲಾಗಿ ನೆಟ್ಟೆ. ಎಲೆ ಉದುರಿದ ಕಾಡು ಆಯಿತು! ಬಟ್ಟೆಗೆ ಹಾಕುವ ನೀಲಿಯಲ್ಲಿ ದುಪ್ಪಟಿಗಳನ್ನು ಅದ್ದಿ ಗೋಡೆಗೆ ಬಿಗಿದೆ. ಆಕಾಶ! ಹಿಮಕ್ಕೆ ಮಾತ್ರ ತಲೆ ಕೆಟ್ಟುಹೋಯಿತು. ಹತ್ತಿಯನ್ನು ಹಿಂಜಿ ಹಾರಿಸಿದರೆ ಮುದ್ದೆ ಮುದ್ದೆಯಾಗಿ ಬೀಳುತ್ತಿತ್ತು. ಒಂದು ಸಂಜೆ ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತವಳು ಥಟ್ಟನೆ ಎದ್ದೆ. ಸಿಕ್ಕಿತು! ಬೆಳ್ಳಗಿದೆ, ಹಗುರಾಗಿದೆ, ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟಿದೆ.

ಮಂಡಕ್ಕಿ ಹುರಿಯುವ ಭಟ್ಟಿಯಿಂದ ನೇರವಾಗಿ ಚೀಲಗಟ್ಟಲೆ ತಂದು ಬಸ್ಸಿನ ಮೇಲೆ ಹೇರಿಕೊಂಡು ಹರಿಹರಕ್ಕೆ ಹೋದೆ. ಅಪ್ಪನ ಹಳೆ ಪಂಚೆಗೆ ಬ್ಲೇಡಿನಿಂದ ಉದ್ದಕ್ಕೂ ಸೀಳು ಹಾಕಿ, ತೊಟ್ಟಿಲಿನಂತೆ ತೊಲೆಗೆ ಕಟ್ಟಿ, ಮಂಡಕ್ಕಿಯನ್ನೆಲ್ಲ ತುಂಬಿದೆ. ಅಂಚಿಗೆ ಕಟ್ಟಿದ ಹಗ್ಗ ಜಗ್ಗಿದರೆ ಸೀಳು ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಮೊದಲ ಸಲ ಬಿದ್ದಾಗ ಖುಷಿಗೆ ಕಿರುಚಿಬಿಟ್ಟೆ.

ಮದುವೆಗಳ ವಿಡಿಯೋ ತೆಗೆಯುವ ಒಬ್ಬರು ಕ್ಯಾಮೆರಾ ತಂದಿದ್ದರು. ಸಂಜೆ ಅವರಿಗೆ ಆರತಕ್ಷತೆ ಇತ್ತು. ಅಷ್ಟರೊಳಗೆ ಆದರೆ ಆಯಿತು, ಮತ್ತೆ ಅವರು ಬರುವವರಲ್ಲ. ಗೆಳತಿಯ ತಾಯಿ, ತಾನೂ ಇರುವುದಾದರೆ ಮಾತ್ರ ಎಂದು ಒಪ್ಪಿದ್ದವರು, ರೊಟ್ಟಿ ಬುತ್ತಿ ಹಿಡಿದು ಮೂಲೆಯಲ್ಲಿ ಕೂತಿದ್ದರು. ಟೇಪ್ ರೆಕಾರ್ಡರಿನಲ್ಲಿ ಹಾಡು ಶುರುವಾಯಿತು. ಗೆಳತಿ ನಿಂತಳು. ನಾನು ಹಗ್ಗಕ್ಕೆ ಕೈ ಹಾಕಿದೆ.

"ಏಯ್, ನಿಲ್ಸೇ! ಅದ್ರಾಗೆ ಏನೈತೆ?" ಮೂಲೆಯಿಂದ ತಾಯಿ ಕೂಗಿದರು.

"ಮಂಡಕ್ಕಿರಿ, ಅಮ್ಮಾರೆ."

"ಹೆಣದ ಮುಂದೆ ತೂರೋದನ್ನ ನನ್ನ ಮಗಳ ತಲೆ ಮ್ಯಾಲೆ ಸುರೀತೀಯಾ? ಬ್ಯಾಡ! ನಡಿಯೇ ಮನಿಗೆ!"

ಹೆಣದ ಮುಂದೆ ಮಂಡಕ್ಕಿ, ಚಿಲ್ಲರೆ ತೂರುತ್ತಾ ಹೋಗುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಹಿಮದ ಹುಚ್ಚಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ.

"ಅವ್ವಾ, ಅದು ಹಿಮ ಕಣವ್ವಾ" ಎಂದು ಗೆಳತಿ ಅಳುತ್ತಾ ನಿಂತಳು. ಕ್ಯಾಮೆರಾದವರು ಗಡಿಯಾರ ನೋಡಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ತಾಯಿ ಮಗಳ ಮುಖ ನೋಡಿದರು. ಬುತ್ತಿ ಕೆಳಗಿಟ್ಟು, ಸುಣ್ಣದ ಗಿಡಗಳ ನಡುವೆ ಬಂದು, ಮಗಳನ್ನು ಪಕ್ಕಕ್ಕೆ ಸರಿಸಿ ತಾವೇ ನಿಂತರು.

"ಮೊದ್ಲು ನನ್ನ ಮ್ಯಾಲೆ ಸುರಿ. ಬರೋದೇನಾರ ಇದ್ರೆ ನನಗ ಬರ್ಲಿ."

ಹಗ್ಗ ಜಗ್ಗಿದೆ. ಅವರು ಸೆರಗು ಹೊದ್ದು ಕಣ್ಣು ಮುಚ್ಚಿದ್ದರು. ತಲೆ, ಭುಜ, ಸೆರಗಿನ ಮಡಿಕೆ ಎಲ್ಲ ಬೆಳ್ಳಗಾಗತೊಡಗಿತು. ಹಾಡು ಓಡುತ್ತಲೇ ಇತ್ತು. ಕ್ಯಾಮೆರಾದ ಕೆಂಪು ದೀಪವೂ ಉರಿಯುತ್ತಿತ್ತು. ಇಷ್ಟು ಚೆಂದದ ಹಿಮವನ್ನು ನಾನು ಯೋಚಿಸಿಯೂ ಇರಲಿಲ್ಲ.

"ಸಾಕೇನ್ರಿ, ಅಮ್ಮಾರೆ?" ಎಂದೆ.

"ಪೂರಾ ಸುರಿ" ಎಂದರು ಕಣ್ಣು ಬಿಡದೆ. "ಅವಳ ಪಾಲಿಗೆ ಒಂದು ಕಾಳೂ ಉಳೀಬಾರ್ದು."

ಪಂಚೆ ಖಾಲಿಯಾಗುವವರೆಗೂ ಜಗ್ಗಿದೆ. ಅಷ್ಟರಲ್ಲಿ ಕ್ಯಾಮೆರಾದವರು ಆರತಕ್ಷತೆಗೆ ಹೊರಟುಬಿಟ್ಟರು. ನಮ್ಮ ವಿಡಿಯೋದಲ್ಲಿ ಕೇಳುವುದು ಮಗಳ ದನಿ, ಹಿಮದಲ್ಲಿ ನಿಂತಿರುವುದು ಅವ್ವ.