ಗುರುಪಾದಪ್ಪನವರ ಬೆರಳು

ಗುರುಪಾದಪ್ಪನವರು ಬೆರಳಿಟ್ಟಲ್ಲಿ ಮುಠಾ ನದಿ ಇರುತ್ತಿತ್ತು. ಪರದೆಯ ಮೇಲೆ ಅವರ ಉಗುರು ನಿಂತ ಜಾಗವೇ ಸೇತುವೆ. ಪುಣೆಯ ವಾಕಡದ ನಮ್ಮ ಆಫೀಸಿನಲ್ಲಿ, ಯಾರು ಬೇಕಾದರೂ ಬಳಸಬಹುದಾದ ಊರಿನ ನಕ್ಷೆಯನ್ನು ಡೌನ್‌ಲೋಡ್ ಮಾಡಿ, ಡಿಗ್ರಿಯಲ್ಲಿರುವ ಅಳತೆಯನ್ನು ಮೀಟರಿಗೆ ತಂದು ಗಿರಾಕಿಗಳಿಗೆ ಕೊಡುವುದು ಕೆಲಸ. ಕಲಿಸಿದವರು ಅವರೇ. ಮೌಸ್ ನನ್ನ ಕೈಯಲ್ಲಿ, ಬೈಗುಳ ಅವರ ಬಾಯಲ್ಲಿ.

“ಮಾರಿ ಮ್ಯಾಲ ಕಣ್ಣಿನ ಬದ್ಲಿ ಅಂಗಿ ಗುಂಡಿ ಹೊಲಿಸ್ಕೊಂಡು ಬಂದಿಯೇನು? ಅಲ್ಲಿ ಏನ್ ಬರ್ದದ, ಜೋರ್ಲೆ ಓದು!”

ಎಲ್ಲರೂ ನಗುತ್ತಿದ್ದರು. ನಾನು ಒಂದನೇ ತರಗತಿಯವಳಂತೆ ಓದುತ್ತಿದ್ದೆ. ಎರಡು ವರ್ಷ. ಒಂದೂವರೆಯೂ ಇರಬಹುದು, ಅವಮಾನದ ಲೆಕ್ಕವನ್ನು ನಂಬಬಾರದು.

ಒಂದು ದಿನ ಅವರು ಚಹಾ ಬಗ್ಗಿಸುವಾಗ ಕಪ್ಪಿನೊಳಗೆ ಬೆರಳಿಟ್ಟು ಮಟ್ಟ ನೋಡುವುದನ್ನು ಕಂಡೆ. ಓದಿಸುವುದೇಕೆಂದು ಆಗ ತಿಳಿಯಿತು. ನಕ್ಷೆ ತೆರೆದರೆ ಪುಣೆ ಪ್ರತಿಸಲ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಕಾಣಬೇಕೆಂಬ ಅವರ ಹಟವೂ ಅದಕ್ಕೇ. ಕಣ್ಣು ಹೋಗಿತ್ತು, ಊರು ಬಾಯಿಪಾಠವಾಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಅದನ್ನು ಕರುಣೆ ಎಂದುಕೊಂಡಿದ್ದೆ.

ಹೊಸ ಗಿರಾಕಿ ಒಪ್ಪಿದರಷ್ಟೇ ಗುರುಪಾದಪ್ಪನವರ ಕೆಲಸ ಉಳಿಯುತ್ತದೆ ಎಂದು ಮ್ಯಾನೇಜರ್ ಹೇಳಿದ್ದ. ಗಿರಾಕಿ ಬಂದು ಕೂತ. ನಕ್ಷೆ ಪುಣೆಯ ಜಾಗದಲ್ಲೇ ಕೂರಬೇಕಾದರೆ ಭೂಮಿಯನ್ನು ಉದ್ದುದ್ದ ಹೋಳು ಮಾಡಿದ ವಲಯಗಳ ಪಟ್ಟಿಯಲ್ಲಿ ನಲವತ್ತಮೂರನೆಯದನ್ನು ಆರಿಸಬೇಕು.

“ವಲಯ ಎಷ್ಟದ? ಓದು, ಗುಂಡಿ ಕಣ್ಣಿನಾಕಿ!”

ನಾನು ಆರಿಸಿದ್ದು ಅದರ ಪೂರ್ವಕ್ಕಿರುವ ನಲವತ್ತನಾಲ್ಕು. “ನಲವತ್ತಮೂರು ಸರ್,” ಅಂದೆ. ಅದು ಕೈತಪ್ಪು ಎಂದು ಈವರೆಗೆ ಮೂವರಿಗೆ ಹೇಳಿದ್ದೇನೆ, ಮೂರು ಸಲವೂ ಬೇರೆ ಬೇರೆ ಕಾರಣ ಕೊಟ್ಟು.

“ಒತ್ತು.”

ಪುಣೆಯ ರಸ್ತೆಗಳೆಲ್ಲ ಪರದೆಯಾಚೆ ಹೋಗಿ ತೆಲಂಗಾಣದ ಕಾಡಿನಲ್ಲಿ ಬಿದ್ದವು. ಬರಿದಾದ ಬಿಳಿ ಪರದೆಯ ಮೇಲೆ ಬೆರಳಿಟ್ಟು ಅವರು ಮರಾಠಿಯಲ್ಲಿ ವಿವರಿಸತೊಡಗಿದರು: ಇದು ನದಿ, ಇದು ಸೇತುವೆ, ಈ ಕಡೆ ಖಡಕಿ, ಅಲ್ಲೇ ನನ್ನ ಮನೆ.

“ಅಹೋ, ಕುಠೇ?” ಎಂದ ಗಿರಾಕಿ. ಎಲ್ಲಿ?

ಯಾರೋ ಕಿಸಕ್ಕೆಂದರು. ಬೆರಳು ಅಲ್ಲೇ ನಿಂತಿತ್ತು. ಗುರುಪಾದಪ್ಪನವರು ನನ್ನ ಕಡೆ ತಿರುಗಿ, “ತಂಗಿ,” ಅಂದರು. ಹಾಗೆ ಕರೆದದ್ದು ಅದೇ ಮೊದಲು. “ಅಲ್ಲಿ ಏನದ? ಓದವ್ವಾ.”

ನಾನು ಓದಲಿಲ್ಲ.

ಮರುವಾರ ಅವರ ಕುರ್ಚಿ ನನಗೆ ಬಂತು.

ಕಳೆದ ತಿಂಗಳು ಖಡಕಿಯ ಬಸ್ ಸ್ಟಾಪಿನಲ್ಲಿ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ಬಸ್ ಬಂತು. ಗುರುತಿಲ್ಲದವರನ್ನು ಕೇಳುವಂತೆ, ಬಹಳ ಮೆತ್ತಗೆ, ಯಾವ ನಂಬರಿನದು ಎಂದು ಮರಾಠಿಯಲ್ಲಿ ಕೇಳಿದರು. ಬಾಯಿ ಬಿಟ್ಟರೆ ನನ್ನ ದನಿ ಅವರಿಗೆ ತಿಳಿಯುತ್ತಿತ್ತು. ಸುಮ್ಮನೆ ಹತ್ತಿದೆ. ಕಿಟಕಿಯಿಂದ ನೋಡಿದರೆ, ನಾನು ನಿಂತಿದ್ದ ಜಾಗಕ್ಕೇ ಮುಖ ಮಾಡಿ ಉತ್ತರಕ್ಕೆ ಕಾಯುತ್ತಿದ್ದರು.