ಲೈಸಾಂಡರ್ ಟಗಲ್ ಟೋಪಿ ತೆಗೆದ ಸಂಜೆ

ವಕೀಲ ಲೈಸಾಂಡರ್ ಟಗಲ್‌ನದು ಎಲುಬಿಲ್ಲದ ನಾಲಿಗೆ. ಅಮೆರಿಕದ ಕೆಂಟಕಿಯ ಆ ಗುಡ್ಡದ ಸೀಮೆಗೆ ಇನ್ನೂ ರೈಲು ಬಂದಿರದ ಕಾಲದಲ್ಲಿ, ಬೆಳಿಗ್ಗೆ ಹಂದಿ ಕದ್ದವನ ಪರ ವಾದಿಸಿ, ಮಧ್ಯಾಹ್ನ ಹಂದಿ ಕಳೆದುಕೊಂಡವನ ಪರ ಕಣ್ಣೀರು ಹಾಕುತ್ತಿದ್ದ. ಅವನನ್ನು ಓದಿಸಿದವನು ಅಣ್ಣ ಎಬೆನ್. ಎಬೆನ್‌ಗೆ ಅಂಗೈಯಗಲ ಜಮೀನೂ ಇರಲಿಲ್ಲ. ಎಲ್ಲರದೂ ಆಗಿದ್ದ ಓಕ್ ಕಾಡಿಗೆ ಹಂದಿ ಬಿಟ್ಟು, ಕಾಯಿ ತಿನ್ನಿಸಿ ಕೊಬ್ಬಿಸಿ, ಚಳಿಗಾಲದಲ್ಲಿ ಮಾಂಸ ಮಾರಿ ತಮ್ಮನ ಕೈಗೆ ಕಾನೂನು ಪುಸ್ತಕ ಕೊಟ್ಟಿದ್ದ.

ಶಾಸನಸಭೆಗೆ ಮೊದಲ ಸಲ ನಿಂತಾಗ ಲೈಸಾಂಡರ್, "ಕಾಡಿಗೆ ಬೇಲಿ ಹಾಕೋಕೆ ನಾನಂತೂ ಬಿಡಲ್ಲ" ಎಂದು ಊರೂರು ಸಾರಿದ. ಗೆದ್ದು ರಾಜಧಾನಿ ಸೇರಿದ. ದೊಡ್ಡ ಜಮೀನುದಾರರ ಮೇಜಿನಲ್ಲಿ ಉಂಡು, ಅವರಿಗೆ ಬೇಕಾದ ಕಾನೂನನ್ನು ತಾನೇ ಬರೆದುಕೊಟ್ಟ: ಹಂದಿ ಯಜಮಾನನ ಬೇಲಿಯೊಳಗೇ ಇರಬೇಕು, ಹೊರಗೆ ಸಿಕ್ಕರೆ ಹಿಡಿದವರ ಪಾಲು. ಬೇಲಿ ಹಾಕಲು ನೆಲವಿಲ್ಲದ ಎಬೆನ್‌ನ ಹಂದಿಗಳೆಲ್ಲ ಕಂಡವರ ಪಾಲಾಗಿ, ಆ ಚಳಿಗಾಲ ಅವನ ಮನೆಯಲ್ಲಿ ಕೆಡದಂತೆ ಹೊಗೆಗೆ ತೂಗುಹಾಕಲು ತುಂಡು ಮಾಂಸವೂ ಇರಲಿಲ್ಲ. ತಮ್ಮನನ್ನು ಕೇಳಲು ಹೋದರೆ, "ಕಾನೂನು ಅಂದ್ಮೇಲೆ ಅಣ್ಣ ಅಂತ ನೋಡಕ್ಕಾಗುತ್ತಾ?" ಎಂದ, ಮಾನಗೆಟ್ಟವನು.

ಮತ್ತೆ ಆಗಸ್ಟ್ ಬಂತು, ಚುನಾವಣೆ ಬಂತು. ಅಲ್ಲಿ ಚೀಟಿ ಹಾಕುವ ಪದ್ಧತಿಯಿಲ್ಲ. ಮತದಾರ ಕೋರ್ಟಿನ ಮೆಟ್ಟಿಲ ಬಳಿ ಅಭ್ಯರ್ಥಿಗಳ ಎದುರೇ ನಿಂತು ಹೆಸರು ಹೇಳಬೇಕು. ಆ ಹೆಸರಿನವನು ಎದ್ದು, ಟೋಪಿ ತೆಗೆದು, ಉಪಕಾರ ನೆನೆಯಬೇಕು. ಸಂಜೆಯ ಹೊತ್ತಿಗೆ ಲೈಸಾಂಡರನೂ ಎದುರಾಳಿ, ಗಿರಣಿಯ ಏಸಾ ಕ್ರಾಕ್‌ವೆಲ್‌ನೂ ಮತಗಳಲ್ಲಿ ಸಮಸಮ. ಮತ ಹೇಳಲು ಉಳಿದವನು ಎಬೆನ್ ಒಬ್ಬನೇ.

"ಯಾರಿಗಪ್ಪಾ ಎಬೆನ್?" ಎಂದ ಗುಮಾಸ್ತ.

ಎಬೆನ್ ತಮ್ಮನನ್ನೇ ನೋಡಿದ. "ಇವ್ನು ಚಿಕ್ಕೋನಿದ್ದಾಗ ಹೊಳೆ ತುಂಬಿದ್ರೂ ಹೆಗಲ ಮೇಲೆ ಹೊತ್ಕೊಂಡು ಶಾಲೆಗೆ ಬಿಟ್ಟಿದೀನಿ."

ಲೈಸಾಂಡರನ ಎದೆ ಹಗುರಾಯಿತು. ಎಷ್ಟಾದರೂ ಒಡಹುಟ್ಟಿದವನು ಎಂದುಕೊಂಡ. ಹೆಸರು ಬರುವ ತನಕ ಕಾಯಲಾರದೆ ಎದ್ದು ಟೋಪಿ ತೆಗೆದು, ಜನರೆಲ್ಲರ ಮುಂದೆ ತಲೆಬಾಗಿದ.

"ನಿನ್ನ ಉಪಕಾರ ಮರೆಯಲ್ಲ ಅಣ್ಣ."

"ಮರ್ತಾಗಿದೆ, ಕೂತ್ಕೋ," ಎಂದ ಎಬೆನ್. ಗುಮಾಸ್ತನ ಕಡೆ ತಿರುಗಿ, "ಕ್ರಾಕ್‌ವೆಲ್‌ಗೆ ಬರ್ಕೊಳ್ಳಿ" ಎಂದ.

ಕ್ರಾಕ್‌ವೆಲ್ ಎದ್ದು ಟೋಪಿ ತೆಗೆದ. ಲೈಸಾಂಡರ್ ತನ್ನ ಟೋಪಿ ಹಿಡಿದು ನಿಂತೇ ಇದ್ದ. ಅವನಿಗೆ ಆಗಬೇಕಾದ್ದೇ ಆಯಿತು. ಆಮೇಲೆ ಬದುಕಿದ್ದಷ್ಟು ಕಾಲವೂ ಅವನು ಕೋರ್ಟಿನಲ್ಲಿ ವಾದಿಸಲು ಎದ್ದಾಗಲೆಲ್ಲ, ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಮೆಲ್ಲಗೆ, "ಮರ್ತಾಗಿದೆ, ಕೂತ್ಕೋ" ಅನ್ನುತ್ತಿದ್ದರು.