ಅಂಟಿಸದೆ ಉಳಿದ ತಿದ್ದುಪಡಿ

ಮೈಸೂರಿನ ಕಾಲೇಜೊಂದರಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದ್ದ ಊರ್ಮಿಳಾ, 2001ರಲ್ಲಿ ಗಂಡ ಗುರುದತ್ತನೊಂದಿಗೆ ಅಮೆರಿಕದ ರಾಕ್‌ವಿಲ್‌ಗೆ ಬಂದಳು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಮೆರಿಕನ್ ಕಾದಂಬರಿಗಳಲ್ಲಿ ಗಂಡಸರ ಲೋಕದೊಳಗೆ ಬದುಕುವ ಹೆಂಗಸರನ್ನು ಕುರಿತ ಅವಳ ಪಿಎಚ್.ಡಿ. ಪ್ರಬಂಧ ಅರ್ಧಕ್ಕೆ ನಿಂತಿತ್ತು. ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಅದನ್ನೇ ಮುಂದುವರಿಸುತ್ತಿದ್ದಳು.

2004ರ ಜನವರಿಯಲ್ಲಿ ಮಾರ್ಗದರ್ಶಕಿ ರೇಣುಕಾದೇವಿಯವರ ಪತ್ರ ಬಂತು. ನೋಂದಣಿ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಅಚ್ಚಾದ ಒಂದು ಲೇಖನವಿದ್ದರೆ, ಅದು ಕನ್ನಡದಲ್ಲಿದ್ದರೂ ಸರಿ, ಅವಧಿ ವಿಸ್ತರಿಸಲು ಕೇಳಬಹುದು ಎಂದು ಬರೆದಿದ್ದರು. ರಾಕ್‌ವಿಲ್‌ನ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ನಾನು ಸಂಪಾದಕಿ. ಲೇಖನ ಕೊಡೆಂದು ನಾನೇ ಕೇಳಿದೆ. ಹದಿನಾಲ್ಕು ಪುಟ ಬರೆದು ಕಳಿಸಿದಳು. ‘ಈ ಹೆಂಡತಿಯರ ಮನೆಯ ಬಾಗಿಲು ತೆರೆದೇ ಇರುತ್ತದೆ, ಕಾರಿನ ಕೀಲಿ ಮಾತ್ರ ಇನ್ನೊಬ್ಬರ ಜೇಬಿನಲ್ಲಿರುತ್ತದೆ’ ಎಂಬ ಸಾಲನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡೆ.

ಆ ಮನೆಗೆ ಇದ್ದದ್ದು ಒಂದೇ ಇಮೇಲ್, ಗುರುದತ್ತನ ಹೆಸರಿನದು. ಸಂಘದ ಸದಸ್ಯತ್ವವೂ ಅವನದೇ. ಪಟ್ಟಿಯಲ್ಲಿ ಹೆಂಡತಿಯರೆಲ್ಲ ‘ಮತ್ತು ಕುಟುಂಬ’. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಲೇಖಕರ ಹೆಸರುಗಳನ್ನು ಹಾಕಿದವಳು ನಾನು. ಕಾಗುಣಿತವನ್ನು ಮೂರು ಬಾರಿ ನೋಡಿದೆ. ಹೆಸರುಗಳನ್ನು ನೋಡಲಿಲ್ಲ. ಊರ್ಮಿಳಾಳ ಲೇಖನ ಗುರುದತ್ತನ ಹೆಸರಿನಲ್ಲಿ ಅಚ್ಚಾಯಿತು.

ಯುಗಾದಿಯ ಊಟದ ಸಾಲಿನಲ್ಲಿ ಸಂಘದ ಅಧ್ಯಕ್ಷ ವೇಣುಗೋಪಾಲ ಗುರುದತ್ತನ ಬೆನ್ನು ತಟ್ಟಿದರು. “ಏನ್ರೀ, ಡೇಟಾಬೇಸ್ ಬಿಟ್ಟು ಲೇಡೀಸ್ ಸಬ್ಜೆಕ್ಟ್ ಹಿಡಿದುಬಿಟ್ರಲ್ಲ! ಇಷ್ಟೆಲ್ಲ ಯಾವಾಗ ಓದಿದ್ರಿ?”

“ಏನೋ ಸರ್, ವೀಕೆಂಡ್ ಟೈಮ್‌ಪಾಸ್,” ಎಂದು ಗುರುದತ್ ನಕ್ಕ.

ಎದುರಿಗೇ ಊರ್ಮಿಳಾ ಹೋಳಿಗೆ ಬಡಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

ಮರುದಿನ, ಪ್ರತಿಗಳಿಗೆ ಅಂಟಿಸಲು ‘ಲೇಖಕಿ: ಊರ್ಮಿಳಾ’ ಎಂಬ ನಲವತ್ತು ತಿದ್ದುಪಡಿ ಚೀಟಿಗಳನ್ನು ಮುದ್ರಿಸಿಕೊಂಡು ಅವರ ಮನೆಗೆ ಹೋದೆ.

“ಈಗ ಇದನ್ನ ಅಂಟಿಸಿದ್ರೆ ನಾನೇ ಕದ್ದೆ ಅಂತ ಆಗಲ್ವಾ ಮೇಡಂ?” ಎಂದ ಗುರುದತ್. “ಯಾರ ಹೆಸರಾದ್ರೇನು, ಒಂದೇ ಮನೆ ತಾನೆ?”

ಅವನು ಒಳಗೆ ಹೋದ ಮೇಲೆ ಊರ್ಮಿಳಾಗೆ ಹೇಳಿದೆ: “ರೇಣುಕಾದೇವಿಯವರಿಗೆ ಒಂದು ಕಾಪಿಯಾದ್ರೂ ಕಳಿಸು. ತಪ್ಪು ನಂದು ಅಂತ ಲೆಟರ್ ಬರೆದುಕೊಡ್ತೀನಿ.”

“ಬೇಡ ಬಿಡಿ ಅಕ್ಕಾ. ಅವರು ಅದನ್ನ ಕಮಿಟಿ ಮುಂದೆ ಇಡ್ಬೇಕು. ಗಂಡನ ಹೆಸರಿನ ಮೇಲೆ ಚೀಟಿ ಅಂಟಿಸಿಕೊಂಡು ಹೋಗೋದಾ? ಹದಿನಾಲ್ಕು ಪುಟದ ತುಂಬ ಇದನ್ನಲ್ಲದೆ ಮತ್ತಿನ್ನೇನು ಬರೆದಿದ್ದೆ ನಾನು?”

ಧ್ವನಿ ಏರಲಿಲ್ಲ. ಕಾಫಿ ಕೊಟ್ಟಳು.

ಜೂನ್ ಮೂವತ್ತು, ಬುಧವಾರ. ಗ್ರಂಥಾಲಯಕ್ಕೆ ಹೋದೆ, ಕಿಟಕಿ ಪಕ್ಕದ ಮೇಜು ಖಾಲಿಯಿತ್ತು. ಆಗಸ್ಟಿನಲ್ಲಿ ಗುರುದತ್ತನಿಗೆ ಅಟ್ಲಾಂಟಾದಲ್ಲಿ ಕೆಲಸವಾಗಿ ಅವರು ಅದರ ಪಕ್ಕದ ಲಾರೆನ್ಸ್‌ವಿಲ್‌ಗೆ ಹೊರಟುಹೋದರು.

ಮೂವತ್ತೊಂಬತ್ತು ಚೀಟಿಗಳು ಇನ್ನೂ ನನ್ನ ಬಳಿ ಇವೆ. ಒಂದನ್ನು ನನ್ನ ಪ್ರತಿಗೆ ಅಂಟಿಸಿದ್ದೇನೆ.